ಗಾಳಿಗೆ ಎಷ್ಟು, ಗಾಲಿಗೆ ಎಷ್ಟು?



ನಮ್ಮ ಸಿಂಧನೂರು ಕಡೆಯವರ ಒಂದು ಸ್ವಭಾವವನ್ನು ನಾನು ಬಹಳ ದಿನಗಳಿಂದ ನೋಡುತ್ತ ಬಂದಿದ್ದೇನೆ. ಎಕರೆಗೆ ಎಷ್ಟು ಚೀಲ ಭತ್ತ ಆಯಿತು ಅಂತ ಕೇಳಿ, ಐದು ಚೀಲ ಕಡಿಮೆ ಮಾಡಿ ಹೇಳುತ್ತಾರೆ. ಗಾಡಿ ಎವರೇಜ್ ಎಷ್ಟು ಕೊಡುತ್ತದೆ ಅಂತ ಕೇಳಿ, ಹತ್ತು ಕಿಲೋಮೀಟರ್ ಕೂಡಿಸಿ ಹೇಳುತ್ತಾರೆ. ಬೆಳೆಗೆ ದೃಷ್ಟಿ ತಾಗಬಾರದು, ಗಾಡಿಯ ಮಾನ ಹೋಗಬಾರದು. ಚಹಾದಂಗಡಿ ಕಟ್ಟೆಯ ಮೇಲೆ ಕೂತು "ನನ್ನ ಗಾಡಿ ಐವತ್ತೇ ಕೊಡೋದು" ಎಂದು ಒಪ್ಪಿಕೊಂಡವರನ್ನು ನಾನು ಕಂಡಿಲ್ಲ. "ಎಪ್ಪತ್ತಕ್ಕ ಕಮ್ಮಿ ಇಲ್ಲ ಬಿಡಪಾ" ಎಂಬುದೇ ಎಲ್ಲರ ಮಾತು.

ಹಾಗೆ ಹೇಳಿಕೊಂಡು ತಿರುಗುತ್ತಿದ್ದವರಲ್ಲಿ ನಾನೂ ಒಬ್ಬ. ಒಂದು ವರ್ಷ ಆಷಾಢದಲ್ಲಿ ನನ್ನ ಜಂಬ ಇಳಿಯಿತು. ಅದು ಇಳಿದ ಕಥೆಯನ್ನೂ, ಹೆದ್ದಾರಿಯಲ್ಲಿ ಬೈಕಿನ ಪೆಟ್ರೋಲು ಎಲ್ಲಿ ಹೋಗುತ್ತದೆ ಎಂಬ ಲೆಕ್ಕವನ್ನೂ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು. ಹಳಬರು ಛಾವಣಿ ಎಂದು ಕರೆಯುತ್ತಿದ್ದ ಲಿಂಗಸುಗೂರು. ಒಟ್ಟು ಸುಮಾರು 55 ಕಿಲೋಮೀಟರ್ ದಾರಿ. ಮಸ್ಕಿ ಹೆಚ್ಚುಕಡಿಮೆ ನಟ್ಟನಡುವೆ. ಇದು ರಾಷ್ಟ್ರೀಯ ಹೆದ್ದಾರಿ 150-ಎ. ಉತ್ತರದಲ್ಲಿ ಜೇವರ್ಗಿಯಿಂದ ಹೊರಟು, ತಿಂಥಣಿಯ ಹತ್ತಿರ ಕೃಷ್ಣೆಯನ್ನು ದಾಟಿ, ನಮ್ಮ ಮೂರೂ ಊರುಗಳನ್ನು ಪೋಣಿಸಿಕೊಂಡು, ಸಿರುಗುಪ್ಪ, ಬಳ್ಳಾರಿ, ಹಿರಿಯೂರಿನ ಮೇಲೆ ಚಾಮರಾಜನಗರದವರೆಗೆ ಹೋಗುತ್ತದೆ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಮಸ್ಕಿ, ಲಿಂಗಸುಗೂರಿನವರು ಇನ್ನೂ ಬಸ್ಸು ಮತ್ತು ಬೈಕನ್ನೇ ನಂಬಿದವರು. ಆಸ್ಪತ್ರೆ, ಕೋರ್ಟು, ಮದುವೆ, ಬೀಜ-ಗೊಬ್ಬರ, ಹೆಣ್ಣು ನೋಡುವುದು, ಹೆಣ ನೋಡುವುದು ಎಲ್ಲಕ್ಕೂ ಬೈಕೇ. ಹಾಗಾಗಿ ಎವರೇಜಿನ ಮಾತು ನಮ್ಮಲ್ಲಿ ಬರೀ ಹರಟೆಯಲ್ಲ, ಮನೆಯ ಖರ್ಚಿನ ಮಾತು.

ನಾನು ಮೇಷ್ಟ್ರು. ಆ ವರ್ಷ ಕೆಲಸದ ಮೇಲೆ ವಾರಕ್ಕೆರಡು ಸಲ ಲಿಂಗಸುಗೂರಿಗೆ ಹೋಗಿಬರಬೇಕಿತ್ತು. ಊರೊಳಗೆ ಅರವತ್ತೈದರ ಆಜುಬಾಜು ಕೊಡುತ್ತಿದ್ದ ನೂರು ಸಿಸಿ ಗಾಡಿ, ಹೆದ್ದಾರಿಗೆ ಬಿದ್ದ ಮೇಲೆ ಐವತ್ತಕ್ಕೆ ಇಳಿಯಿತು. ಹೆದ್ದಾರಿ ಎಂದರೆ ನಿಲ್ಲುವುದಿಲ್ಲ, ಗೇರು ಬದಲಿಸುವುದಿಲ್ಲ, ಎವರೇಜ್ ಏರಬೇಕು ತಾನೆ? ಇಳಿದದ್ದು ಯಾಕೆ? ನಮ್ಮ ಮನಸ್ಸು ಇಂಥ ಹೊತ್ತಿನಲ್ಲಿ ಮೊದಲು ಓಡುವುದು ಪೆಟ್ರೋಲ್ ಬಂಕಿನ ಕಡೆಗೆ. ಅಳತೆಯಲ್ಲಿ ಮೋಸ ಆಗಿರಬೇಕು ಎಂದೇ ತೀರ್ಮಾನಿಸಿದೆ. ಆದರೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು ಅಳೆಯದೆ ಆರೋಪ ಹೊರಿಸಿದರೆ ಹೇಗೆ? ಯಾವ ಬಂಕಿನಲ್ಲಾದರೂ ಮುದ್ರೆ ಹಾಕಿದ ಐದು ಲೀಟರಿನ ಅಳತೆಪಾತ್ರೆ ಇರಬೇಕು, ಗ್ರಾಹಕರು ಕೇಳಿದರೆ ಅಳೆದು ತೋರಿಸಬೇಕು ಎಂಬುದು ನಿಯಮ. ಕೇಳಿದೆ. ತೋರಿಸಿದರು. ಅಳತೆ ಸರಿಯಾಗಿತ್ತು.

ಸರಿ, ಬಂಕಿನದು ತಪ್ಪಲ್ಲ. ಹಾಗಾದರೆ ನನ್ನ ಲೆಕ್ಕವೇ ತಪ್ಪಿರಬಹುದೆ?

ಎವರೇಜ್ ಅಳೆಯುವುದರಲ್ಲೇ ನಾವು ಅರ್ಧ ತಪ್ಪು ಮಾಡುತ್ತೇವೆ. ನೂರು ರೂಪಾಯಿಯದು ಹಾಕಿಸಿ, ರಿಸರ್ವಿಗೆ ಬೀಳುವವರೆಗೆ ಓಡಿಸಿ, ಭಾಗಿಸಿಬಿಡುತ್ತೇವೆ. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ವಾಲಿದ್ದರೆ, ದಾರಿ ಇಳಿಜಾರಾಗಿದ್ದರೆ ರಿಸರ್ವ್ ಬೀಳುವ ಜಾಗವೇ ಬದಲಾಗುತ್ತದೆ. ಸರಿಯಾದ ಕ್ರಮ ಹೀಗೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಟ್ಯಾಂಕಿನ ಕೊರಳಿನಲ್ಲಿ ಒಂದು ಗುರುತಿನವರೆಗೆ ತುಂಬಿಸಿ. ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಮುನ್ನೂರು ಕಿಲೋಮೀಟರಾದರೂ ಓಡಿಸಿ. ಮತ್ತೆ ಅದೇ ಬಂಕಿನಲ್ಲಿ, ಅದೇ ಹೊತ್ತಿನಲ್ಲಿ, ಅದೇ ಗುರುತಿಗೆ ತುಂಬಿಸಿ. ಎರಡನೆಯ ಸಲ ಎಷ್ಟು ಲೀಟರ್ ಹಿಡಿಯಿತೋ ಅದೇ ನೀವು ಸುಟ್ಟ ಪೆಟ್ರೋಲು. ಐವತ್ತೈದು ಕಿಲೋಮೀಟರಿನ ಒಂದೇ ಓಟದಲ್ಲಿ ಅಳೆಯಹೋದರೆ ಒಂದು ಲೋಟದಷ್ಟು ಹೆಚ್ಚುಕಮ್ಮಿಯಾದರೂ ಲೆಕ್ಕ ತಲೆಕೆಳಗಾಗುತ್ತದೆ.

ಅದೇ ಹೊತ್ತಿನಲ್ಲಿ ಅಂತ ಯಾಕೆ ಹೇಳಿದೆ? ಪೆಟ್ರೋಲು ಬಿಸಿಗೆ ಹಿಗ್ಗುತ್ತದೆ. ಹತ್ತು ಲೀಟರಿಗೆ ಒಂದು ಡಿಗ್ರಿ ಶಾಖ ಏರಿದರೆ ಸುಮಾರು 10 ಮಿಲಿಲೀಟರ್. ನಮ್ಮ ಮೇ ತಿಂಗಳಿನಲ್ಲಿ ಬಾಯಿಮಟ ತುಂಬಿಸಿ ಬಿಸಿಲಿಗೆ ನಿಲ್ಲಿಸಿದರೆ ಅದು ಉಕ್ಕಿ ಹೊರಬರುವುದೂ ಇದೇ ಕಾರಣಕ್ಕೆ. ಇನ್ನು "ಮುಂಜಾನೆ ತಂಪಿನಾಗ ಹಾಕಿಸಿದ್ರ ಹೆಚ್ಚು ಬರತೈತಿ" ಎಂಬ ನಂಬಿಕೆ. ಬಂಕಿನ ಪೆಟ್ರೋಲು ಇರುವುದು ನೆಲದ ಅಡಿಯ ತೊಟ್ಟಿಯಲ್ಲಿ. ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಶಾಖದ ವ್ಯತ್ಯಾಸ ಅತಿ ಕಡಿಮೆ. ಅದಕ್ಕಾಗಿ ನಸುಕಿನಲ್ಲಿ ಎದ್ದು ಬಂಕಿಗೆ ಓಡಬೇಕಾದ್ದಿಲ್ಲ. ಎದ್ದರೆ ಹೊಲಕ್ಕೆ ಹೋಗಿ ಬರಬಹುದು.

ಹೀಗೆ ಸರಿಯಾಗಿ ಅಳೆದ ಮೇಲೂ ನನ್ನ ಎವರೇಜ್ ಐವತ್ತರ ಮೇಲೆ ಏಳಲಿಲ್ಲ. ಆಗ ಕೂತು ಯೋಚಿಸಿದೆ. ಪೆಟ್ರೋಲು ಹೋಗುತ್ತಿರುವುದು ಯಾರ ಪಾಲಿಗೆ?

ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಗಾಲಿಯವರೆಗೆ ತಲುಪುವುದು ಸುಮಾರು ಕಾಲು ಭಾಗ. ಉಳಿದದ್ದು ಸೈಲೆನ್ಸರಿನ ಬಿಸಿ, ಎಂಜಿನ್ನಿನ ಬಿಸಿ. ಅದು ಎಂಜಿನ್ನಿನ ಗುಣ, ನಮ್ಮ ಕೈಯಲ್ಲಿಲ್ಲ. ಗಾಲಿಗೆ ತಲುಪಿದ ಆ ಕಾಲು ಭಾಗವನ್ನು ಸಮದಾರಿಯಲ್ಲಿ ಇಬ್ಬರು ಹಂಚಿಕೊಳ್ಳುತ್ತಾರೆ. ಒಬ್ಬ ಗಾಲಿ, ಇನ್ನೊಬ್ಬ ಗಾಳಿ. ಟೈರು ರಸ್ತೆಯ ಮೇಲೆ ಉರುಳುವಾಗ ಒತ್ತಿ ಹಿಗ್ಗಿ ಕಳೆದುಕೊಳ್ಳುವುದು ಗಾಲಿಯ ಪಾಲು. ಎದುರಿನ ಗಾಳಿಯನ್ನು ಎದೆಯಿಂದ ಸೀಳಿಕೊಂಡು ಹೋಗಲು ಕೊಡಬೇಕಾದ್ದು ಗಾಳಿಯ ಪಾಲು.

ಗಾಲಿ ನಿಯತ್ತಿನವನು. ನಿಧಾನ ಹೋಗಿ, ಜೋರಾಗಿ ಹೋಗಿ, ಕಿಲೋಮೀಟರಿಗೆ ಅವನು ಕೇಳುವ ಕೂಲಿ ಹೆಚ್ಚುಕಡಿಮೆ ಒಂದೇ. ಗಾಳಿ ಹಾಗಲ್ಲ. ವೇಗ ಎರಡು ಪಟ್ಟಾದರೆ ಅವನು ಕೇಳುವುದು ನಾಲ್ಕು ಪಟ್ಟು. ಬೈಕಿನ ಮೇಲೆ ನೆಟ್ಟಗೆ ಕೂತ ಮನುಷ್ಯ ಎಂದರೆ ಗಾಳಿಗೆ ಒಡ್ಡಿದ ಬಾಗಿಲು ಇದ್ದ ಹಾಗೆ. ಸ್ಥೂಲವಾಗಿ ಹೇಳುವುದಾದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಳಿ, ಗಾಲಿ ಇಬ್ಬರದೂ ಸಮಪಾಲು. 80ಕ್ಕೆ ಹೋದರೆ ಐದು ಪಾಲಿನಲ್ಲಿ ನಾಲ್ಕು ಗಾಳಿಗೆ, ಒಂದು ಗಾಲಿಗೆ. ಊರೊಳಗೆ ಚೆನ್ನಾಗಿದ್ದ ಎವರೇಜ್ ಹೆದ್ದಾರಿಯಲ್ಲಿ ಬೀಳುವುದರ ಗುಟ್ಟು ಇಲ್ಲಿದೆ. ಹೆದ್ದಾರಿ ನಮಗೆ ಗೇರು, ಕ್ಲಚ್ಚು ಉಳಿಸಿಕೊಟ್ಟದ್ದನ್ನು ನಮ್ಮ ಬಲಗೈಯ ಮಣಿಕಟ್ಟು ಗಾಳಿಗೆ ಕೊಟ್ಟುಬಿಡುತ್ತದೆ.

ಹಾಗಂತ ಇಪ್ಪತ್ತರಲ್ಲಿ ತೆವಳಿದರೂ ಆಗದು. ಎಂಜಿನ್ ನಮ್ಮ ಎತ್ತಿನ ಹಾಗೆ, ಸ್ವಲ್ಪ ಭಾರ ಕಟ್ಟಿದರೇ ಮೈಮುರಿದು ದುಡಿಯುತ್ತದೆ. ಬರಿಗೈಯಲ್ಲಿ ನಿಂತರೂ ಮೇವು ತಿನ್ನುತ್ತದೆ. ಆದ್ದರಿಂದ ನೂರು ಸಿಸಿ ಗಾಡಿಗಳಿಗೆ ಟಾಪ್ ಗೇರಿನಲ್ಲಿ 45ರಿಂದ 55ರ ನಡುವೆ ಒಂದು ಹದ ಇರುತ್ತದೆ. ಎಂಜಿನ್ನಿನ ದನಿ ಗುನುಗುವ ಹಾಗಿರುತ್ತದೆ, ಒದರುವುದಿಲ್ಲ. ಕಿವಿಗೆ ಆ ಹದ ಒಮ್ಮೆ ಸಿಕ್ಕಿತೆಂದರೆ ಸ್ಪೀಡೋಮೀಟರ್ ನೋಡಬೇಕಾಗಿಲ್ಲ.

ಈಗ ಗಡಿಯಾರದ ಲೆಕ್ಕ. ಸಿಂಧನೂರಿನಿಂದ ಲಿಂಗಸುಗೂರಿಗೆ 60ರ ವೇಗದಲ್ಲಿ 55 ನಿಮಿಷ. 80ರಲ್ಲಿ 41 ನಿಮಿಷ. ಉಳಿದದ್ದು 14 ನಿಮಿಷ, ಅದೂ ನಡುವೆ ಒಂದೂ ಹಂಪಿಲ್ಲದೆ, ಕುರಿಹಿಂಡು ಅಡ್ಡ ಬರದೆ, ಮುದಬಾಳ ಕ್ರಾಸಿನಲ್ಲಿ ಯಾರೂ ಕೈ ಮಾಡಿ ನಿಲ್ಲಿಸದೆ ಇದ್ದರೆ. ಈ 14 ನಿಮಿಷಕ್ಕಾಗಿ ಗಾಡಿಯನ್ನು ದೂಡುವ ಬಲ ಸುಮಾರು ಒಂದೂವರೆ ಪಟ್ಟಾಗಬೇಕು. ಎತ್ತಿನ ನ್ಯಾಯದಿಂದಾಗಿ ಪೆಟ್ರೋಲು ಪೂರ್ತಿ ಒಂದೂವರೆ ಪಟ್ಟು ಆಗಲಿಕ್ಕಿಲ್ಲ, ಆದರೆ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಲಿಂಗಸುಗೂರು ಮುಟ್ಟಿ ಆ 14 ನಿಮಿಷದಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಂಡೆ. ಬಸ್ ಸ್ಟ್ಯಾಂಡಿನ ಎದುರು ನಿಂತು ಚಹಾ ಕುಡಿಯುತ್ತಿದ್ದೆ. ಅಂದರೆ ಚಹಾದ ದುಡ್ಡಲ್ಲದೆ ಚಹಾಕ್ಕೆ ಬೇಕಾದ ವೇಳೆಗೂ ದುಡ್ಡು ಕೊಡುತ್ತಿದ್ದೆ.

ಇನ್ನು ಆಷಾಢದ ಗಾಳಿ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಬಯಲಿನ ಮೇಲೆ ಪಶ್ಚಿಮದಿಂದ, ನೈಋತ್ಯದಿಂದ ಗಾಳಿ ಬೀಸುವುದು ನಿಮಗೆ ಗೊತ್ತೇ ಇದೆ. ಮಳೆ ಬರಲಿ ಬಿಡಲಿ, ಗಾಳಿ ಮಾತ್ರ ತಪ್ಪಿಸುವುದಿಲ್ಲ. ಸಿಂಧನೂರಿನಲ್ಲಿ ನಿಂತು ನೋಡಿದರೆ ಲಿಂಗಸುಗೂರು ಇರುವುದು ಉತ್ತರಕ್ಕೆ ಸರಿದು ವಾಯವ್ಯಕ್ಕೆ ವಾಲಿದ ದಿಕ್ಕಿಗೆ. ಹೆಸರೇ ಹೇಳುತ್ತದೆ, ಅದು ವಾಯುವಿನ ಮೂಲೆ. ಹೋಗುವಾಗ ಪಡುವಣ ಗಾಳಿ ಎಡ ಕೆನ್ನೆಗೆ, ಎಡ ಭುಜಕ್ಕೆ ಹೊಡೆಯುತ್ತದೆ. ಗಾಡಿ ಎಡಕ್ಕೆ ವಾಲಿಕೊಂಡೇ ಹೋಗಬೇಕು. ಮಸ್ಕಿಯ ಗುಡ್ಡ ಬಿಟ್ಟರೆ ನಡುವೆ ತಡೆಯಿಲ್ಲ, ಎರೆಭೂಮಿಯ ಬಯಲು.

"ಹೋಗುವಾಗ ಎದುರುಗಾಳಿ ಆದರೆ ಬರುವಾಗ ಬೆನ್ನಿಗೆ ಗಾಳಿ, ಲೆಕ್ಕ ಚುಕ್ತಾ" ಎಂದು ನಾವು ಅಂದುಕೊಳ್ಳುತ್ತೇವೆ. ಚುಕ್ತಾ ಆಗುವುದಿಲ್ಲ. ಪೆನ್ನು ಹಿಡಿಯದೆ ಕೇಳಿಯೇ ಲೆಕ್ಕ ಮಾಡಬಹುದು. ನೀವು 60ರಲ್ಲಿ ಹೋಗುತ್ತಿದ್ದೀರಿ, ಗಾಳಿ ಇಲ್ಲ. ಗಾಳಿಯನ್ನು ಸೀಳುವ ಕೂಲಿ ಆರಾರಲಿ ಮೂವತ್ತಾರು, 36 ರೂಪಾಯಿ ಎಂದು ಇಟ್ಟುಕೊಳ್ಳೋಣ. ಹೋಗಲು 36, ಬರಲು 36, ಒಟ್ಟು 72. ಈಗ ನೆಟ್ಟಗೆ ಎದುರಿನಿಂದ ಗಂಟೆಗೆ 20 ಕಿಲೋಮೀಟರಿನ ಗಾಳಿ ಬೀಸುತ್ತಿದೆ ಎನ್ನಿ. ನಿಮ್ಮ ಎದೆಗೆ ತಾಗುವುದು 80ರ ಗಾಳಿ. ಎಂಟೆಂಟಲಿ ಅರವತ್ತನಾಲ್ಕು, 64 ರೂಪಾಯಿ. ಬರುವಾಗ ಅದೇ ಗಾಳಿ ಬೆನ್ನಿಗೆ, ಎದೆಗೆ ತಾಗುವುದು 40. ನಾಲ್ಕ್ನಾಲ್ಕಲಿ ಹದಿನಾರು, 16 ರೂಪಾಯಿ. ಕೂಡಿಸಿ, 80. ಎಂಟು ರೂಪಾಯಿ ಮುಳುಗಿತು. ಗಾಳಿ ಹೋಗುವಾಗ ಕಿತ್ತುಕೊಂಡಷ್ಟನ್ನು ಬರುವಾಗ ಹಿಂದಕ್ಕೆ ಕೊಡುವುದಿಲ್ಲ. ಅಡ್ಡಗಾಳಿಯೂ ಪುಕ್ಕಟೆ ಅಲ್ಲ, ಅದು ಬೀಸಿದಷ್ಟು ಹೊತ್ತೂ ಸುಂಕ ವಸೂಲಿ ಮಾಡುತ್ತದೆ. ಈ ಲೆಕ್ಕದಿಂದ ನನಗೆ ಸಿಕ್ಕ ಪಾಠ ಒಂದೇ. ಎದುರುಗಾಳಿ ಇದ್ದಾಗ ಹಟ ಮಾಡಿ ಎಕ್ಸಲೇಟರ್ ತಿರುವಬಾರದು, ಹತ್ತು ಕಿಲೋಮೀಟರ್ ವೇಗ ಬಿಟ್ಟುಕೊಡಬೇಕು. ಆ ಹತ್ತನ್ನು ಬರುವ ದಾರಿಯಲ್ಲಿ ಬೆನ್ನಿನ ಗಾಳಿಗೆ ತೆಗೆದುಕೊಂಡರಾಯಿತು. ಆಗ ಅದು ಅಗ್ಗ.

ಗಾಳಿಯ ಮಾತಿನ ಜೊತೆಗೇ ಸಾಮಾನಿನ ಮಾತು. ಸಿಂಧನೂರಿನಿಂದ ಹೊರಟವರು ಬರಿಗೈಯಲ್ಲಿ ಹೋಗುತ್ತಾರೆಯೆ? ಬೀಗರ ಮನೆಗೆ ಒಂದು ಪಾಕೀಟು ಸೋನಾಮಸೂರಿ ಇರಲೇಬೇಕು. 25 ಕಿಲೋ ಅಕ್ಕಿಯ ಭಾರ ಸಮದಾರಿಯಲ್ಲಿ ಅಷ್ಟೇನೂ ಪೆಟ್ರೋಲು ತಿನ್ನುವುದಿಲ್ಲ. ಲಿಂಗಸುಗೂರು ನಮಗಿಂತ ಎತ್ತರದಲ್ಲಿದೆ, ಮಸ್ಕಿ ಹಳ್ಳ ಆ ಕಡೆಯಿಂದ ತುಂಗಭದ್ರೆಯ ಕಡೆಗೆ ಇಳಿದು ಬರುವುದೇ ಅದಕ್ಕೆ ಸಾಕ್ಷಿ. ಆದರೂ ಈ ಏರಿಗೆ ಹೆದರಬೇಕಾಗಿಲ್ಲ. ಇಬ್ಬರು ಕೂತ ಗಾಡಿಯನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಹೆಚ್ಚಿನ ಪೆಟ್ರೋಲು ಸುಮಾರು 30 ಮಿಲಿಲೀಟರ್, ಅರ್ಧ ಕಪ್ ಚಹಾದಷ್ಟೂ ಅಲ್ಲ. ಹೆದ್ದಾರಿಯಲ್ಲಿ ಭಾರಕ್ಕಿಂತ ಅಗಲ ದುಬಾರಿ. ಅದೇ ಅಕ್ಕಿಯನ್ನು ಎರಡು ಚೀಲ ಮಾಡಿ ಎರಡೂ ಬದಿಗೆ ರೆಕ್ಕೆಯ ಹಾಗೆ ನೇತುಹಾಕಿದರೆ ಗಾಳಿಗೆ ಇನ್ನಷ್ಟು ಬಾಗಿಲು ತೆರೆದ ಹಾಗಾಯಿತು. ನಿಮ್ಮ ಬೆನ್ನ ಹಿಂದೆ, ನಿಮ್ಮ ನೆರಳಿನಲ್ಲೇ ಕಟ್ಟಿದರೆ ಗಾಳಿಗೆ ಅದು ಕಾಣುವುದೇ ಇಲ್ಲ. ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಹೋಗುವ ಹಾಲಿನವರಿಗೆ ಬೇರೆ ದಾರಿಯಿಲ್ಲ, ಅವರು ನಿಧಾನ ಹೋಗುವುದೇ ಸರಿ. ಗುಂಡಿ ಬಿಚ್ಚಿದ ಜರ್ಕಿನ್, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಟವೆಲ್ಲು ಎಲ್ಲವೂ ಇದೇ ಲೆಕ್ಕಕ್ಕೆ ಸೇರಿದವು.

ಇಷ್ಟೆಲ್ಲ ತಿಳಿದುಕೊಂಡು, ವೇಗ ಇಳಿಸಿ, ಚೀಲ ಹಿಂದಕ್ಕೆ ಕಟ್ಟಿ ಹೋದೆ. ಎವರೇಜ್ ಸ್ವಲ್ಪ ಏರಿತು, ಆದರೆ ಹಳೆಯ ಜಾಗಕ್ಕೆ ಬರಲಿಲ್ಲ. ಮುಂದಿನ ಕಥೆ ನಡೆದದ್ದು ಮಸ್ಕಿಯಲ್ಲಿ.

ಮಸ್ಕಿಯಲ್ಲಿ ಬೇವಿನ ಮರದ ಕೆಳಗೊಂದು ಪಂಚರ್ ಅಂಗಡಿ. ಗಾಳಿ ನೋಡಿಸಲು ನಿಲ್ಲಿಸಿದೆ. ಇಪ್ಪತ್ತರ ಹುಡುಗ, ಕೈ ಒರೆಸಿಕೊಳ್ಳುತ್ತ ಬಂದ.

"ಎಷ್ಟ್ ಇಡಬೇಕ್ರಿ ಮಾಸ್ತರ್ರ?"

"ನೋಡಪಾ ತಮ್ಮಾ, ಎಷ್ಟೈತಿ ಅಂತ."

ಹಿಂದಿನ ಗಾಲಿಯಲ್ಲಿ ಇದ್ದದ್ದು 20 ಪಾಯಿಂಟು. ನನ್ನ ಗಾಡಿಯ ಪುಸ್ತಕದಲ್ಲಿ ಬರೆದಿದ್ದದ್ದು ಒಬ್ಬರೇ ಕೂತರೆ 28, ಇಬ್ಬರು ಕೂತರೆ 41. ಇಬ್ಬರಿಗೆ 41 ಎಂಬುದನ್ನು ನಾನು ಓದಿಯೇ ಇರಲಿಲ್ಲ. ನಮ್ಮಲ್ಲಿ ಬಹಳ ಜನ ಇಬ್ಬರನ್ನು ಕೂರಿಸಿಕೊಂಡು, ಅಕ್ಕಿ ಚೀಲ ಹೇರಿಕೊಂಡು, ಇಪ್ಪತ್ತೈದು ಪಾಯಿಂಟಿನಲ್ಲಿ ಓಡಿಸುತ್ತೇವೆ. ಮೆತ್ತಗಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಡಿಸಿಕೊಳ್ಳಬೇಕು, ಅದೇ ಬಿಸಿಯಾಗಿ ಹೋಗುವ ಪೆಟ್ರೋಲು. ನಿಯತ್ತಿನ ಗಾಲಿಯನ್ನೂ ನಾವೇ ಕೆಡಿಸಿದ ಹಾಗೆ. ಇನ್ನೊಂದು ಸಂಗತಿ. ಗಾಳಿಯನ್ನು ನೋಡಿಸಬೇಕಾದ್ದು ಟೈರು ತಣ್ಣಗಿದ್ದಾಗ, ಹೊರಡುವ ಮೊದಲು. ಬಿಸಿಲಿನಲ್ಲಿ ಓಡಿ ಬಂದ ಮೇಲೆ ಮುಳ್ಳು ಎರಡು ಮೂರು ಪಾಯಿಂಟು ಹೆಚ್ಚು ತೋರಿಸಬಹುದು, ಜಾಸ್ತಿ ಆಯಿತೆಂದು ಬಿಡಿಸಬಾರದು. ನನ್ನದು ಬಿಸಿಯಿದ್ದಾಗಲೇ 20. ತಣ್ಣಗಿದ್ದಾಗ ಎಷ್ಟಿತ್ತೋ!

ಗಾಳಿ ಹೊಡೆದಾದ ಮೇಲೆ ಹುಡುಗ ಸುಮ್ಮನೆ ಹಿಂದಿನ ಗಾಲಿಯನ್ನು ಕೈಯಿಂದ ಒಮ್ಮೆ ತಿರುವಿದ. ಅದು ಗರ್ ಎಂದು ಮುಕ್ಕಾಲು ಸುತ್ತು ತಿರುಗಿ ನಿಂತುಬಿಟ್ಟಿತು. ಮತ್ತೊಮ್ಮೆ ತಿರುವಿದ. ಮತ್ತೆ ನಿಂತಿತು. ನನ್ನ ಮುಖ ನೋಡಿದ.

"ಮಾಸ್ತರ್ರ, ಬ್ರೇಕ್ ಹಿಡ್ಕೊಂಡೈತ್ರಿ. ಸಿಂಧನೂರಿಂದ ಬ್ರೇಕ್ ಒತ್ತಿಕೊಂಡೇ ಬಂದೀರಿ ನೀವು."

ಬ್ರೇಕ್ ರಾಡಿನ ತುದಿಯ ನಟ್ಟು ಬೇಕಾದ್ದಕ್ಕಿಂತ ನಾಲ್ಕು ಸುತ್ತು ಬಿಗಿಯಾಗಿತ್ತು. ಬಿಗಿ ಮಾಡಿದವರು ಯಾರು? ಮಳೆಗಾಲ ಬಂತು, ಬ್ರೇಕ್ ಚುರುಕಾಗಿರಲಿ ಎಂದು ಪಾನಾ ಹಿಡಿದು ಬಿಗಿ ಮಾಡಿದವನು ನಾನೇ. ಅದೇ ಊರಿನ ಗುಡ್ಡದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಚಿನ್ನ ಹುಡುಕುತ್ತ ಹೋಗಿ ಅಶೋಕನ ಶಾಸನ ಕಂಡರು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಆ ಬಂಡೆಯಿಂದ. ಚಿನ್ನ ಹುಡುಕಿದವರಿಗೆ ಅಶೋಕ ಸಿಕ್ಕಿದ. ಬಂಕಿನವರ ಮೋಸ ಹುಡುಕಿದ ನನಗೆ ನನ್ನದೇ ನಟ್ಟು ಸಿಕ್ಕಿತು.

ಅವತ್ತು ಆ ಹುಡುಗ ಮಾಡಿದ್ದನ್ನು ನೀವೂ ಮನೆಯ ಮುಂದೆ ಮಾಡಬಹುದು. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಗಾಲಿಯನ್ನು ತಿರುವಿ. ಸಲೀಸಾಗಿ ಸುತ್ತಬೇಕು, ಉಜ್ಜುವ ಸದ್ದು ಬರಬಾರದು. ಆಮೇಲೆ ಚೈನು. ನಡುಭಾಗದಲ್ಲಿ ಬೆರಳಿನಿಂದ ಎತ್ತಿದರೆ ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು. ತೀರಾ ಬಿಗಿಯಾದರೆ ಬೇರಿಂಗಿಗೆ ಜಗ್ಗುತ್ತದೆ, ಸಡಿಲಾದರೆ ಜರ್ಕ್ ಹೊಡೆಯುತ್ತದೆ. ನಮ್ಮ ಗದ್ದೆಯ ಕೆಸರು ಚೈನಿನ ಕವಚದೊಳಗೆ ಸೇರಿ ಒಣಗಿದರೆ ಅದು ಎಣ್ಣೆಯನ್ನೆಲ್ಲ ಕುಡಿದು ಅರದ ಹಾಗೆ ತೇಯುತ್ತದೆ. ಐನೂರು ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಬಿಡಬೇಕು. ಸುಗ್ಗಿಯಲ್ಲಿ ಭತ್ತದ ಧೂಳು, ರೈಸ್‌ಮಿಲ್ಲಿನ ತೌಡಿನ ಹುಡಿ ಗಾಳಿಯಲ್ಲೇ ಇರುತ್ತದೆ, ಆಗ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಯಾದರೆ ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾಗುತ್ತದೆ, ಸೈಲೆನ್ಸರಿನ ಬಾಯಿ ಮಸಿಗಟ್ಟುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲನ್ನು ಅಳೆದು ಕೊಡುವ ಇಂಜೆಕ್ಷನ್ ವ್ಯವಸ್ಥೆ ಬಂತು. ಅದು ಗಾಳಿಗೆ ತಕ್ಕಷ್ಟೇ ಪೆಟ್ರೋಲು ಬಿಡುತ್ತದೆ, ಆದರೆ ಗಾಡಿಯ ಜಗ್ಗು ಕಡಿಮೆಯಾಗುತ್ತದೆ.

ಹಂಪುಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. 60ರಲ್ಲಿ ಹೋಗುತ್ತಿದ್ದ ಗಾಡಿಯನ್ನು ಬ್ರೇಕ್ ಒತ್ತಿ ನಿಲ್ಲಿಸಿ, ಮತ್ತೆ 60ಕ್ಕೆ ಏರಿಸಲು ಸುಮಾರು 4 ಮಿಲಿಲೀಟರ್ ಪೆಟ್ರೋಲು ಬೇಕು. ಒಂದು ಸಣ್ಣ ಚಮಚ. ಚಮಚ ತಾನೆ ಎನ್ನಬೇಡಿ. ಅರವತ್ತು ಎವರೇಜಿನ ಗಾಡಿಗೆ ಅದು ಸುಮಾರು 240 ಮೀಟರ್ ದಾರಿ. ಇಂಥ ಇಪ್ಪತ್ತು ಬ್ರೇಕಿಗೆ ಸುಮಾರು ಐದು ಕಿಲೋಮೀಟರ್ ಹೋಯಿತು. ದಾರಿಯ ಹಂಪುಗಳು ಎಲ್ಲಿವೆ ಎಂದು ನಮಗೆ ಬಾಯಿಪಾಠ ಇರುತ್ತದೆ. ಮುಂಚೆಯೇ ಎಕ್ಸಲೇಟರ್ ಬಿಟ್ಟರೆ ಗಾಡಿ ತಾನೇ ನಿಧಾನವಾಗಿ ಹಂಪಿನ ಹತ್ತಿರ ಬರುತ್ತದೆ, ಬ್ರೇಕಿನ ಚಮಚ ಉಳಿಯುತ್ತದೆ. ಆದರೆ ಗೇರಿನಲ್ಲೇ ಬಿಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಟ ಒಳ್ಳೆಯದಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟಾಗ ಪೆಟ್ರೋಲು ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಿ ಎಂಜಿನ್ ಉಸಿರಾಡುತ್ತಿರಲು ಪೆಟ್ರೋಲು ಬೇಕೇ ಬೇಕು. ಉಳಿತಾಯವೂ ಇಲ್ಲ, ಗಾಡಿ ಕೈಯಲ್ಲೂ ಇರುವುದಿಲ್ಲ.

ಈಚೆಗೆ ಕಟ್ಟೆಯ ಮೇಲೆ ಇನ್ನೊಂದು ಹೆಸರು ಕೇಳುತ್ತಿದ್ದೇನೆ, ಇ-20. ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಇದನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. ಕಬ್ಬು, ಮೆಕ್ಕೆಜೋಳ, ಅಕ್ಕಿ ಎಲ್ಲದರಿಂದಲೂ ಎಥನಾಲ್ ಆಗುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಾಗಾಗಿ ಎವರೇಜ್ ಸ್ವಲ್ಪ ಬೀಳುವುದು ನಿಜ. ಹಳೆಯ ದ್ವಿಚಕ್ರ ವಾಹನಗಳಿಗೆ ನೂರಕ್ಕೆ 3ರಿಂದ 4ರಷ್ಟು ಕಡಿಮೆಯಾಗಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. ಅಂದರೆ ಅರವತ್ತು ಕೊಡುತ್ತಿದ್ದದ್ದು ಐವತ್ತೆಂಟು. ಅದನ್ನು ಒಪ್ಪೋಣ. ಆದರೆ ನಲವತ್ತೈದಕ್ಕೆ ಬಿದ್ದ ಗಾಡಿಯ ಪಾಪವನ್ನೆಲ್ಲ ಎಥನಾಲಿನ ತಲೆಗೆ ಕಟ್ಟಬಾರದು. ಬಿದ್ದದ್ದರಲ್ಲಿ ಎರಡು ಕಿಲೋಮೀಟರ್ ಮಾತ್ರ ಎಥನಾಲಿನದು, ಉಳಿದದ್ದು ನಮ್ಮದು. ಒಂದು ಎಚ್ಚರಿಕೆ ಬೇಕು. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರು ಸರಿಯಾಗಿದೆಯೇ ನೋಡಿಕೊಳ್ಳಿ.

ಎವರೇಜಿನ ಈ ಹುಚ್ಚು ನಮಗೆ ಹಿಡಿದದ್ದು ಯಾವಾಗ? ನಮ್ಮ ಅಪ್ಪನ ಕಾಲದಲ್ಲಿ ಸಾಹುಕಾರರ ಮನೆಯ ಮುಂದೆ ನಿಲ್ಲುತ್ತಿದ್ದದ್ದು ಮೈಸೂರಿನ ಜಾವಾ, ಆಮೇಲೆ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಟೂ-ಸ್ಟ್ರೋಕ್ ಎಂಜಿನ್ನು, ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು, ಹೊಸ ಪೆಟ್ರೋಲಿನ ಒಂದು ಪಾಲು ಸುಡುವ ಮೊದಲೇ ಹೊಗೆಯ ಜೊತೆ ಹೊರಗೆ. ಆ ಗಾಡಿಯ ಮರ್ಯಾದೆ ಇದ್ದದ್ದು ಸದ್ದಿನಲ್ಲಿ. 1985ರಲ್ಲಿ ಹೀರೋ ಹೋಂಡಾದ ನೂರು ಸಿಸಿ ಫೋರ್-ಸ್ಟ್ರೋಕ್ ಗಾಡಿ ಬಂತು, 1994ರಲ್ಲಿ ಸ್ಪ್ಲೆಂಡರ್ ಬಂತು. ಮರ್ಯಾದೆ ಸದ್ದಿನಿಂದ ಎವರೇಜಿಗೆ ವರ್ಗವಾಯಿತು. ಸಾಹುಕಾರರ ಅಂಗಳದ ಗಾಡಿ ಎರಡು ಎಕರೆಯವನ ಅಂಗಳಕ್ಕೂ ಬಂತು.

ಈಗ ಇದೇ ನೂರು ಸಿಸಿ ಗಾಡಿಗಳ ಮೇಲೆ ನಮ್ಮ ಹುಡುಗರು ಬೆಂಗಳೂರಿನಿಂದ ಬರುತ್ತಾರೆ. ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ದುಡಿಯಲು ಹೋದವರು, ಯುಗಾದಿಗೆ, ಜಾತ್ರೆಗೆ ಹೆಂಡತಿಯನ್ನು ಹಿಂದೆ, ಕೂಸನ್ನು ನಡುವೆ ಕೂರಿಸಿಕೊಂಡು ನಾನೂರು ಕಿಲೋಮೀಟರ್‌ಗೂ ಮೇಲೆ. ಅವರಿಗೆ ನನ್ನ ಮಾತು ಇಷ್ಟೇ. ಹಿರಿಯೂರಿನ ಸೀಮೆಯಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಅವನ್ನು ನೋಡಿಕೊಳ್ಳಿ. ಅವು ಭರ್ರನೆ ತಿರುಗುತ್ತಿವೆ ಎಂದರೆ ಯಾರಿಗೋ ಕರೆಂಟು ಬರುತ್ತಿದೆ, ನಿಮ್ಮ ಟ್ಯಾಂಕಿನಿಂದ ಪೆಟ್ರೋಲು ಹೋಗುತ್ತಿದೆ. ವೇಗ ಇಳಿಸಿ. ಲಾರಿಯ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಾಗುವುದಿಲ್ಲ, ಪೆಟ್ರೋಲು ಉಳಿಯುತ್ತದೆ ಎಂಬುದು ನಿಜ, ಆದರೆ ಆ ಉಳಿತಾಯ ನಮಗೆ ಬೇಡ. ಲಾರಿಯವನು ಬ್ರೇಕ್ ಹಾಕಿದ ದಿನ ಎವರೇಜ್ ಬರೆದಿಡಲು ಯಾರೂ ಇರುವುದಿಲ್ಲ. ರಾತ್ರಿಯಲ್ಲಂತೂ ನಮ್ಮ ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಹುಲ್ಲಿನ ಟ್ರ್ಯಾಕ್ಟರು, ಟಾರಿನ ಮೇಲೆ ಹರವಿದ ರಾಶಿ ಎಲ್ಲವೂ ಇರುತ್ತದೆ. ಅಲ್ಲಿ ನಿಧಾನ ಹೋಗುವುದು ಪೆಟ್ರೋಲಿಗಾಗಿ ಅಲ್ಲ.

ಇಷ್ಟು ಸಣ್ಣ ಸಣ್ಣ ಉಳಿತಾಯಕ್ಕೆ ಇಷ್ಟು ಮಾತೇ ಎಂದು ನಿಮಗೆ ಅನಿಸಬಹುದು. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಆದರೂ ಅರೆಯುತ್ತಾರೆ. ಇಲ್ಲಿ ನಾಲ್ಕು ಮಿಲಿ, ಅಲ್ಲಿ ಮೂವತ್ತು ಮಿಲಿ, ಎಂಟು ಪಾಯಿಂಟು ಗಾಳಿ, ನಾಲ್ಕು ಸುತ್ತು ನಟ್ಟು. ಎಲ್ಲವನ್ನೂ ಸರಿಪಡಿಸಿ, 50-55ರಲ್ಲಿ ಓಡಿಸಿದ ಮೇಲೆ ನನ್ನ ಗಾಡಿ ಮತ್ತೆ ಅರವತ್ತು ದಾಟಿತು. ಹೊಸ ಪ್ಲಗ್ಗಿಗೂ, ಡಬ್ಬಿಯಲ್ಲಿ ಮಾರುವ ಯಾವ ಔಷಧಿಗೂ ನಾನು ದುಡ್ಡು ಕೊಡಲಿಲ್ಲ. ಕೊಟ್ಟದ್ದು ಮಸ್ಕಿಯ ಹುಡುಗನಿಗೆ, ಗಾಳಿ ಹೊಡೆದ ದುಡ್ಡು. ನಟ್ಟು ಸಡಿಲಿಸಿದ್ದಕ್ಕೆ ಅವನು ತೆಗೆದುಕೊಳ್ಳಲಿಲ್ಲ.

ಈಗ ಯಾರಾದರೂ "ಮಾಸ್ತರ್ರ, ಗಾಡಿ ಎವರೇಜ್ ಎಷ್ಟ್ ಕೊಡತೈತ್ರಿ?" ಅಂತ ಕೇಳಿದರೆ ನಾನು ತಟ್ಟನೆ ಅಂಕಿ ಹೇಳುವುದಿಲ್ಲ. ತಿರುಗಿ ಕೇಳುತ್ತೇನೆ: ಯಾವ ತಿಂಗಳು? ಯಾವ ದಿಕ್ಕು? ಎಷ್ಟರ ವೇಗ? ಹಿಂದೆ ಯಾರು ಕೂತಿದ್ದರು, ಟೈರಿನಲ್ಲಿ ಗಾಳಿ ಎಷ್ಟಿತ್ತು? ಕೇಳಿದವರು ನಗುತ್ತಾರೆ. ನಕ್ಕರೂ ನಾನು ಚೀಟಿಯಲ್ಲಿ ಬರೆದಿಟ್ಟ ಲೆಕ್ಕ ತೆಗೆದು, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಎಕರೆಗೆ ಎಷ್ಟು ಚೀಲ ಭತ್ತ ಆಯಿತು ಅಂತ ಮಾತ್ರ ಕೇಳಬೇಡಿ.